ಹೆಪ್ಪು ಹಾಕಿದ ಕೈಯ ತಪ್ಪಲ್ಲ

ಮೊಸರು ಹೆಪ್ಪುಗಟ್ಟದಿದ್ದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಹೆಪ್ಪು ಹಾಕಿದವರ ಕೈ. ‘ಅವಳ ಕೈ ಮೊಸರಿಗೆ ಆಗಿಬರಲ್ಲ’ ಎಂಬ ಮಾತು ಹೊಳಲ್ಕೆರೆಯಲ್ಲೂ ಉಂಟು, ಹಿರಿಯೂರಿನಲ್ಲೂ ಉಂಟು. ಆ ಕೈ ಸಾಮಾನ್ಯವಾಗಿ ಮನೆಗೆ ಹೊಸದಾಗಿ ಬಂದ ಸೊಸೆಯದು ಎಂಬುದನ್ನೂ ಗಮನಿಸಬೇಕು. ಆಮೇಲೆ ಅನುಮಾನ ಚಳಿಯ ಮೇಲೆ ಹೋಗುತ್ತದೆ, ಪಾತ್ರೆಯಲ್ಲಿ ಉಳಿದ ಸೋಪಿನ ಮೇಲೆ ಹೋಗುತ್ತದೆ, ಹಾಲು ಹಾಕುವವನು ಸೋಡಾ ಬೆರೆಸಿದನೇನೋ ಎಂದು ಅವನ ಮೇಲೂ ಹೋಗುತ್ತದೆ. ಎರಡು ದಿನದ ಹಿಂದೆ ಹಸುವಿನ ಕೆಚ್ಚಲು ಬಾತು, ಪಶು ಡಾಕ್ಟರು ಬಂದು ಮೊಲೆಯ ತೊಟ್ಟಿನೊಳಗೆ ಟ್ಯೂಬ್ ಔಷಧಿ ಏರಿಸಿ ಹೋದದ್ದು ಮಾತ್ರ ಯಾರಿಗೂ ನೆನಪಿಗೆ ಬರುವುದಿಲ್ಲ.

ಅನುಮಾನ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಹಾಲನ್ನು ಮೊಸರು ಮಾಡುವುದು ಜೀವಂತ ಬ್ಯಾಕ್ಟೀರಿಯಾ. ಅವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಆಮ್ಲ ಏರಿ ಹಾಲಿನ ಪಿಎಚ್ 4.6ರ ಹತ್ತಿರ ಇಳಿದಾಗ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಕೆಚ್ಚಲು ಬಾವಿಗೆ ಕೊಡುವ ಪೆನಿಸಿಲಿನ್ ಜಾತಿಯ ಔಷಧಿ ರೋಗದ ಬ್ಯಾಕ್ಟೀರಿಯಾವನ್ನು ಕೊಲ್ಲುವ ರೀತಿಯಲ್ಲೇ ಇವನ್ನೂ ಕೊಲ್ಲುತ್ತದೆ. ಅದು ಮುರಿಯುವುದು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು. ಗೋಡೆ ಕಟ್ಟುತ್ತಿರುವುದು ರೋಗಾಣುವೋ ಮೊಸರಿನ ಜೀವಿಯೋ ಎಂದು ಅದು ಕೇಳುವುದಿಲ್ಲ. ಹಾಲನ್ನು ಎಷ್ಟು ಉಕ್ಕಿಸಿದರೂ ಔಷಧಿ ಪೂರ್ತಿ ನಾಶವಾಗುವುದಿಲ್ಲ.

ಎಷ್ಟು ಔಷಧಿ ಸಾಕು ಎಂಬುದನ್ನು ನೋಡಿದರೆ ಗಾಬರಿಯಾಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ ಸಂಸ್ಥೆ ಒಂದು ಲೀಟರ್ ಹಾಲಿನಲ್ಲಿ ಇರಬಹುದಾದ ಬೆಂಜೈಲ್ ಪೆನಿಸಿಲಿನ್ನಿನ ಮಿತಿಯನ್ನು 4 ಮೈಕ್ರೋಗ್ರಾಂ ಎಂದು ಗೊತ್ತುಮಾಡಿದೆ. ಆ ಲೆಕ್ಕದಲ್ಲಿ ಒಂದೇ ಒಂದು ಗ್ರಾಂ ಔಷಧಿ ಎರಡೂವರೆ ಲಕ್ಷ ಲೀಟರ್ ಹಾಲನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಕಾರ್ಖಾನೆಯ ಮೊಸರಿಗೆ ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಈ ವಿಷಯದಲ್ಲಿ ತುಂಬ ನಾಜೂಕು, ಮಿತಿಯ ಆಸುಪಾಸಿನಲ್ಲೇ ಮುಗ್ಗರಿಸತೊಡಗುತ್ತದೆ. ಮನೆಯ ಹೆಪ್ಪಿನಲ್ಲಿರುವ ಲ್ಯಾಕ್ಟೊಕಾಕಸ್‌ಗಳು ಇನ್ನಷ್ಟು ತಡೆದುಕೊಳ್ಳುತ್ತವೆ. ಹಾಗಾಗಿ ಮೊಸರು ಗಟ್ಟಿಯಾಯಿತು ಎಂದ ಮಾತ್ರಕ್ಕೆ ಹಾಲಿನಲ್ಲಿ ಔಷಧಿ ಇಲ್ಲವೆಂದಾಗಲಿಲ್ಲ. ಗಟ್ಟಿಯಾಗದಿದ್ದರೆ ಔಷಧಿಯೇ ಕಾರಣ ಎಂದು ಖಚಿತವಾಗಿ ಹೇಳುವಂತೆಯೂ ಇಲ್ಲ. ಕೆಚ್ಚಲು ಬಾತ ಹಸುವಿನ ಹಾಲು ಔಷಧಿ ಕೊಡುವ ಮೊದಲೇ ಕೆಟ್ಟಿರುತ್ತದೆ. ಅದರಲ್ಲಿ ಸಕ್ಕರೆ ಕಡಿಮೆಯಾಗಿ ಉಪ್ಪು ಹೆಚ್ಚಾಗಿರುತ್ತದೆ, ಬಿಳಿ ರಕ್ತಕಣಗಳು ತುಂಬಿರುತ್ತವೆ. ಹೆಪ್ಪಿಗೆ ಅದೂ ಹಿಡಿಸುವುದಿಲ್ಲ.

ಡೇರಿಗಳ ಪ್ರಯೋಗಾಲಯದಲ್ಲಿ ಬಳಸುವ ಡೆಲ್ವೋಟೆಸ್ಟ್ ಎಂಬ ಪರೀಕ್ಷೆಯೂ ತಿರುಳಿನಲ್ಲಿ ಮೊಸರಿನ ಗಡಿಗೆಯೇ. ಸಣ್ಣ ಶೀಸೆಯಲ್ಲಿ ಔಷಧಿಗೆ ಬೇಗ ಬಗ್ಗುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ, ಜೊತೆಗೆ ನೇರಳೆ ಬಣ್ಣ. ಹಾಲು ಹಾಕಿ ಬಿಸಿಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಬೆಳೆದು ಆಮ್ಲ ಬಿಟ್ಟು ಬಣ್ಣ ಹಳದಿಗೆ ತಿರುಗುತ್ತದೆ. ನೇರಳೆಯಾಗಿಯೇ ಉಳಿದರೆ ಹಾಲಿನಲ್ಲಿ ಔಷಧಿ ಇದೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಪಶ್ಚಿಮದ ದೇಶಗಳಲ್ಲಿ ಪೆನಿಸಿಲಿನ್ ಕೊಟ್ಟಿಗೆಗೆ ಬಂದಾಗ, ಹಾಲಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಮೊದಲು ಕೂಗಿದವರು ಚೀಸ್ ಮಾಡುವವರು. ಅವರ ಹೆಪ್ಪು ಏಳುತ್ತಿರಲಿಲ್ಲ.

ಇಷ್ಟು ಹೇಳಿದೊಡನೆ ‘ಅದಕ್ಕೇ ಸ್ವಾಮಿ, ಈ ಕೆಮಿಕಲ್ ಬಿಟ್ಟು ನೈಸರ್ಗಿಕಕ್ಕೆ ಬನ್ನಿ’ ಎನ್ನುವವರು ಇದ್ದಾರೆ. ಪೆನಿಸಿಲಿನ್ ಹುಟ್ಟಿದ್ದು ಬೂಷ್ಟಿನಿಂದ. ಒದ್ದೆ ರೊಟ್ಟಿಯ ಮೇಲೆ ಏಳುವಂಥ ಹಸಿರು ಬೂಷ್ಟಿನ ಕುಲದ್ದು. 1928ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು, ಬೂಷ್ಟು ತನ್ನ ಸುತ್ತಲಿನ ಬ್ಯಾಕ್ಟೀರಿಯಾವನ್ನು ದೂರ ಇಡುತ್ತಿದ್ದುದನ್ನು. ಅದಕ್ಕಿಂತ ನೈಸರ್ಗಿಕವಾದದ್ದು ಯಾವುದಿದೆ?

ಅದೇ 1928ರಲ್ಲಿ ಇನ್ನೊಂದು ಸಂಗತಿ ಅಚ್ಚಾಯಿತು. ಅದಕ್ಕೆ ಚಪ್ಪಾಳೆ ಬೀಳಲಿಲ್ಲ. ಅಮೆರಿಕದ ಕೃಷಿ ಇಲಾಖೆಯ ಎಲ್. ಎ. ರೋಜರ್ಸ್ ಎಂಬುವರು ಹಾಲನ್ನು ಹುಳಿ ಮಾಡುವ ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಬೆಳೆಯಗೊಡುವುದಿಲ್ಲ ಎಂದು ಕಂಡುಕೊಂಡರು. ಬರೀ ಹುಳಿಯಿಂದ ಹಾಗಾಗುತ್ತಿರಲಿಲ್ಲ, ಬ್ಯಾಕ್ಟೀರಿಯಾ ಏನೋ ಒಂದು ವಸ್ತುವನ್ನು ಹೊರಬಿಡುತ್ತಿತ್ತು. 1933ರಲ್ಲಿ ನ್ಯೂಜಿಲೆಂಡಿನಲ್ಲಿ, ಚೀಸ್ ಹೆಪ್ಪು ಯಾಕೆ ಒಮ್ಮೊಮ್ಮೆ ಕೈಕೊಡುತ್ತದೆ ಎಂದು ಹುಡುಕುತ್ತಿದ್ದವರಿಗೆ ಅದೇ ವಸ್ತು ಸಿಕ್ಕಿತು. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಶ್ ಅದಕ್ಕೆ ನೈಸಿನ್ ಎಂದು ಹೆಸರಿಟ್ಟರು. ಅದನ್ನು ತಯಾರಿಸುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಪ್ರಭೇದ ನಮ್ಮ ಮನೆಗಳ ಮೊಸರಿನಲ್ಲೂ ಸಿಗುತ್ತದೆ. ಅದರ ಎಲ್ಲ ತಳಿಗಳೂ ನೈಸಿನ್ ಮಾಡುವುದಿಲ್ಲ, ಕೆಲವು ಮಾಡುತ್ತವೆ.

ನೈಸಿನ್ ಕೆಲಸ ಮಾಡುವ ಬಗೆ ಚೆಂದ. ಬ್ಯಾಕ್ಟೀರಿಯಾ ತನ್ನ ಗೋಡೆಗೆ ಬೇಕಾದ ಸಾಮಗ್ರಿಯನ್ನು ಒಳಗಿನಿಂದ ಹೊರಗೆ ಸಾಗಿಸಲು ಲಿಪಿಡ್-2 ಎಂಬ ಅಣುವನ್ನು ಬಳಸುತ್ತದೆ. ನೈಸಿನ್ ಅದನ್ನೇ ಹೋಗಿ ಹಿಡಿಯುತ್ತದೆ. ಹಿಡಿದು ಸುಮ್ಮನಿರುವುದಿಲ್ಲ, ಅಲ್ಲೇ ಪೊರೆಗೆ ತೂತು ಕೊರೆಯುತ್ತದೆ. ಗೋಡೆಯ ಕೆಲಸವೂ ನಿಂತಿತು, ಒಳಗಿನದ್ದೂ ಸೋರಿಹೋಯಿತು. ಇ. ಕೋಲೈಯಂಥ ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ಹೊರಪೊರೆ ಇರುವುದರಿಂದ ನೈಸಿನ್ ಅವುಗಳ ಹತ್ತಿರ ಹೆಚ್ಚು ಸುಳಿಯುವುದಿಲ್ಲ. ಅಲ್ಲಿ ಮೊಸರಿನ ಹುಳಿಯೇ ಕೆಲಸಕ್ಕೆ ಬರುತ್ತದೆ. ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾದ ಒಳಗೆ ನುಗ್ಗಿ ಬಿಡಿಯಾಗಿ, ಒಳಗನ್ನೇ ಹುಳಿ ಮಾಡಿ ಸುಸ್ತು ಹೊಡೆಸುತ್ತದೆ.

ನೈಸಿನ್ನನ್ನು ವೈದ್ಯರು ಆ್ಯಂಟಿಬಯೋಟಿಕ್ ಎಂದು ಕರೆಯುವುದಿಲ್ಲ, ಮಾತ್ರೆಯಾಗಿ ಬರೆದುಕೊಡುವುದೂ ಇಲ್ಲ. ಅದು ಪ್ರೋಟೀನಿನ ಒಂದು ಚೂರು, 34 ಅಮೈನೋ ಆಮ್ಲಗಳ ಸರ. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಗಳ ಜಂಟಿ ಸಮಿತಿ 1969ರಲ್ಲೇ ಅದನ್ನು ಆಹಾರಕ್ಕೆ ಸೇರಿಸಬಹುದು ಎಂದಿತು. ಅಂಗಡಿಯ ಚೀಸ್ ಡಬ್ಬಿಯ ಮೇಲೆ 234 ಎಂಬ ಸಂಖ್ಯೆ ಇದ್ದರೆ ಅದು ಇದೇ. ಬಿಸಿ ಮಾಡಿದರೂ ಸಾಯದ ಕ್ಲಾಸ್ಟ್ರಿಡಿಯಮ್ ಬೀಜಕಣಗಳು ಮೊಳೆತು ಚೀಸ್ ಉಬ್ಬಿ ಕೆಡದಿರಲೆಂದು ಹಾಕಿರುತ್ತಾರೆ.

ಪೆನಿಸಿಲಿನ್, ನೈಸಿನ್ ಎರಡೂ ನೈಸರ್ಗಿಕವೇ. ಒಂದು ಹಾಲಿನಲ್ಲೇ ಹುಟ್ಟಿ, ಹಾಲಿನಲ್ಲೇ ಕೆಲಸ ಮಾಡಿ, ತಿಂದವರ ಹೊಟ್ಟೆಯಲ್ಲಿ ಮುಗಿಯುತ್ತದೆ. ಇನ್ನೊಂದು ಬೇರೆಲ್ಲೋ ಹುಟ್ಟಿ, ಹಸುವಿನ ಮೈಗಾಗಿ ಬಂದು, ಹಾಲಿಗೆ ಸೋರುತ್ತದೆ. ಎಲ್ಲಿ, ಎಷ್ಟು, ಯಾರ ಸಲುವಾಗಿ ಎಂಬುದರಲ್ಲಿದೆ ವ್ಯತ್ಯಾಸ. ನೈಸರ್ಗಿಕ ಎಂಬ ಚೀಟಿ ಅಂಟಿಸಿದರೆ ಆ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ ಎಂಬುದು ನನ್ನ ತಕರಾರು.

ಹೆಪ್ಪಿನ ತನಕ ಹೋಗುವುದೇ ಬೇಡ, ಕರೆದ ಹಾಲಿಗೇ ತನ್ನದೊಂದು ಕಾವಲಿದೆ. ಹಿಂಡಿದ ಮೊದಲ ಎರಡು ಮೂರು ತಾಸು ಹಸಿ ಹಾಲಿನಲ್ಲಿ ಬ್ಯಾಕ್ಟೀರಿಯಾ ಅಷ್ಟಾಗಿ ಹೆಚ್ಚುವುದಿಲ್ಲ. ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಕಬ್ಬಿಣದ ಅಂಶವನ್ನು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಬಚ್ಚಿಡುತ್ತದೆ. ಲೈಸೊಜೈಮ್ ಎಂಬ ಕಿಣ್ವ ಗೋಡೆಯನ್ನೇ ಕತ್ತರಿಸುತ್ತದೆ, ಆದರೆ ಅದು ತಾಯಿಯ ಎದೆಹಾಲಿನಲ್ಲಿರುವುದರ ಎದುರು ಹಸುವಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಸುವಿನ ಹಾಲಿನ ದೊಡ್ಡ ಬಲ ಲ್ಯಾಕ್ಟೊಪೆರಾಕ್ಸಿಡೇಸ್. ಈ ಕಿಣ್ವಕ್ಕೆ ಎರಡು ಸಾಮಗ್ರಿ ಬೇಕು, ಚೂರು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಚೂರು ಥಯೋಸೈನೇಟ್. ಎರಡನ್ನೂ ಸೇರಿಸಿ ಅದು ಬ್ಯಾಕ್ಟೀರಿಯಾದ ಉಸಿರು ಕಟ್ಟಿಸುವ ಒಂದು ವಸ್ತುವನ್ನು ತಯಾರಿಸುತ್ತದೆ.

ಆ ಥಯೋಸೈನೇಟ್ ಬರುವುದು ಮೇವಿನಿಂದ. ಇಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಮಾತೊಂದಿದೆ. ಹಿರಿಯೂರು ಕಡೆಯ ಯಾವ ರೈತನೂ ಎಳೆ ಜೋಳದ ಪೈರಿಗೆ, ಕೊಯ್ದ ಮೇಲೆ ಚಿಗುರಿದ ಕೂಳೆಗೆ ಹಸು ಬಿಡುವುದಿಲ್ಲ. ಮಳೆ ಕೈಕೊಟ್ಟು ಬಾಡಿದ ಜೋಳವಂತೂ ಇನ್ನೂ ಅಪಾಯ. ಅದರಲ್ಲಿ ಸಯನೈಡ್ ಹುಟ್ಟುತ್ತದೆ, ಹೊಟ್ಟೆ ತುಂಬ ಮೇಯ್ದ ಹಸು ನಿಂತಲ್ಲೇ ಬೀಳಬಹುದು. ಅದೇ ಸಯನೈಡ್ ಅಷ್ಟಿಷ್ಟು ಹೋದರೆ ಹಸುವಿನ ಈಲಿ ಅದನ್ನು ಥಯೋಸೈನೇಟಾಗಿ ಮಾರ್ಪಡಿಸುತ್ತದೆ, ಅದು ಹಾಲಿಗೆ ಇಳಿದು ಕಾವಲಿಗೆ ನಿಲ್ಲುತ್ತದೆ. ಹಸುವನ್ನು ಕೊಲ್ಲುವುದೂ ಹಾಲನ್ನು ಕಾಯುವುದೂ ಒಂದೇ ಗಿಡದ ವಿಷ, ಪ್ರಮಾಣ ಬೇರೆ.

ಈ ಸಹಜ ಕಾವಲನ್ನು ಹಿಗ್ಗಿಸಿ, ತಂಪು ಮಾಡಲು ಸೌಕರ್ಯವಿಲ್ಲದ ಊರುಗಳಲ್ಲಿ ಹಾಲನ್ನು ಉಳಿಸಿಕೊಳ್ಳುವ ವಿಧಾನವೊಂದನ್ನು ಕೋಡೆಕ್ಸ್ 1991ರಲ್ಲಿ ಒಪ್ಪಿತು. ಎರಡೂ ಸಾಮಗ್ರಿಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ಸೇರಿಸಿದರೆ 30 ಡಿಗ್ರಿ ಶಾಖದಲ್ಲೂ ಹಾಲು ಏಳೆಂಟು ತಾಸು ನಿಲ್ಲುತ್ತದೆ. ನಮ್ಮ ಸಹಕಾರ ಸಂಘಗಳು ಹಿಡಿದದ್ದು ತಂಪಿನ ದಾರಿ. ಚಿತ್ರದುರ್ಗ ಜಿಲ್ಲೆಯ ಊರೂರಿನ ಡೇರಿಗಳು ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಸೇರಿದವು. ಬೆಳಿಗ್ಗೆ ಕರೆದ ಹಾಲು ಹೊತ್ತೇರುವುದರೊಳಗೆ ಕೂಲರ್ ಸೇರಬೇಕೆಂದು ಡೇರಿಯವರು ಅವಸರ ಮಾಡುವುದು ಸುಮ್ಮನೆ ಅಲ್ಲ. ಹಾಲಿನ ಸ್ವಂತ ಕಾವಲು ಇಳಿಯುವ ಹೊತ್ತೂ ಅದೇ. ಆಮೇಲೆ ಒಂದು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾದರೂ ನಾಲ್ಕು ತಾಸಿನಲ್ಲಿ ನಾಲ್ಕು ಸಾವಿರ ದಾಟುತ್ತದೆ.

ಕೂಲರ್ ಇಲ್ಲದ ಕಾಲದಲ್ಲಿ ಈ ಬಯಲು ಸೀಮೆಯಿಂದ ಹಾಲು ಹಾಲಾಗಿ ಹೊರಗೆ ಹೋದದ್ದು ಕಡಿಮೆ. ಬೆಣ್ಣೆಯಾಗಿ, ತುಪ್ಪವಾಗಿ ಹೋಗುತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯ ಹೆಸರೇ ಬೆಣ್ಣೆ ಚಾವಡಿ. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಬದಲಿಸಿದ.

ತುಪ್ಪ ಕಾಯಿಸುವಾಗ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುವುದು ನಮ್ಮಲ್ಲಿ ರೂಢಿ. ವೀಳ್ಯದೆಲೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ಯೂಜಿನಾಲ್, ಹೈಡ್ರಾಕ್ಸಿಚಾವಿಕಾಲ್ ಮುಂತಾದ ವಸ್ತುಗಳಿರುವುದು ನಿಜ. ಅದರಿಂದಲೇ ತುಪ್ಪ ಕೆಡುವುದಿಲ್ಲ ಎನ್ನುವುದು ಮಾತ್ರ ಅವಸರದ ತೀರ್ಮಾನ. ತುಪ್ಪದಲ್ಲಿ ನೀರೇ ಇಲ್ಲ, ಇದ್ದರೆ ಅರ್ಧ ಪರ್ಸೆಂಟಿನ ಒಳಗೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲಾರದು. ತುಪ್ಪಕ್ಕಿರುವ ಶತ್ರು ಗಾಳಿ, ಗಾಳಿ ತಾಗಿ ಅದು ಕಮಟುತ್ತದೆ. ಎಲೆಯ ವಸ್ತುಗಳು ಕಮಟುವುದನ್ನು ನಿಧಾನ ಮಾಡುತ್ತವೆ, ಘಮವನ್ನೂ ಕೊಡುತ್ತವೆ. ಮಜ್ಜಿಗೆಗೆ ಹಾಕುವ ಸಾಸಿವೆ, ಇಂಗು, ಕರಿಬೇವು, ಶುಂಠಿಯ ಒಗ್ಗರಣೆಯೂ ಹಾಗೆಯೇ. ಪ್ರಯೋಗಾಲಯದ ತಟ್ಟೆಯಲ್ಲಿ ಇವುಗಳ ಸಾರ ಬ್ಯಾಕ್ಟೀರಿಯಾವನ್ನು ಹಿಮ್ಮೆಟ್ಟಿಸುತ್ತದೆ. ಒಂದು ಸೌಟು ಒಗ್ಗರಣೆ ಒಂದು ತಪ್ಪಲೆ ಮಜ್ಜಿಗೆಗೆ ಮಾಡುವುದು ರುಚಿಯ ಕೆಲಸ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಜ್ಜಿಗೆಯನ್ನು ಕಾಯುತ್ತಿರುವುದು ಅದರ ಹುಳಿಯೇ.

ಗಿಣ್ಣಿನ ವಿಷಯ ಇನ್ನೂ ಸ್ವಾರಸ್ಯ. ಗಿಣ್ಣುಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹೆಪ್ಪು ಇಲ್ಲದೆಯೇ ಗಟ್ಟಿಯಾಗುತ್ತದೆ. ಯಾಕೆಂದರೆ ಅದರ ತುಂಬ ಇರುವುದು ಬಿಸಿಗೆ ಗಟ್ಟಿಯಾಗುವ ರಕ್ಷಕ ಪ್ರೋಟೀನುಗಳು, ಮುಖ್ಯವಾಗಿ ಇಮ್ಯುನೊಗ್ಲಾಬ್ಯುಲಿನ್. ಒಳ್ಳೆಯ ಗಿಣ್ಣುಹಾಲಿನ ಒಂದು ಲೀಟರಿನಲ್ಲಿ 50 ಗ್ರಾಂ ಮೀರಿ ಇರುತ್ತದೆ. ಸಾಮಾನ್ಯ ಹಾಲಿನಲ್ಲಿ ಒಂದು ಗ್ರಾಮೂ ಇರುವುದಿಲ್ಲ. ಮನುಷ್ಯರ ಮಗು ಗರ್ಭದಲ್ಲೇ ತಾಯಿಯಿಂದ ಇದನ್ನು ಪಡೆದು ಹುಟ್ಟುತ್ತದೆ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಹುಟ್ಟಿದ ಮೊದಲ ಒಂದು ದಿನ ಮಾತ್ರ ಅದರ ಕರುಳು ಈ ಪ್ರೋಟೀನನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಬಾಗಿಲು ಮುಚ್ಚಿತು. ನಾವು ಬೇಯಿಸಿ ತಿನ್ನುವ ಗಿಣ್ಣಿನಲ್ಲಿ ಆ ರಕ್ಷಕ ಗುಣ ಸತ್ತಿರುತ್ತದೆ. ಅದು ನಮ್ಮ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ಮಾರುವವರ ಮಾತು ನಂಬಬೇಡಿ. ರುಚಿಗೆ ತಿನ್ನಿ, ಕರು ಕುಡಿದು ಮಿಕ್ಕಿದ್ದನ್ನು ತಿನ್ನಿ.

ಮತ್ತೆ ಕೆಚ್ಚಲು ಬಾವಿಗೆ ಬರೋಣ. ಹೆಚ್ಚು ಹಾಲು ಕೊಡುವ ಸೀಮೆ ಹಸುಗಳಿಗೆ ಅದು ಹೆಚ್ಚು, ಅರ್ಧ ಲೀಟರ್ ಕೊಟ್ಟು ಕರುವಿಗೆ ಉಳಿಸಿಕೊಳ್ಳುವ ನಾಟಿ ಹಸುವಿಗೆ ಕಡಿಮೆ. ಸೂಜಿಗೆ ಪರ್ಯಾಯವಾಗಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಲವು ವರ್ಷಗಳಿಂದ ಪ್ರಚಾರ ಮಾಡುತ್ತಿರುವ ಒಂದು ನಾಟಿ ಲೇಪವಿದೆ: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿ, ನೀರು ಸೇರಿಸಿ, ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ ಹಚ್ಚಬೇಕು, ಐದು ದಿನ. ತಮಿಳುನಾಡಿನ ಪಶುವೈದ್ಯ ಪ್ರೊ. ಎನ್. ಪುಣ್ಯಮೂರ್ತಿ ಅವರೂ ಬೆಂಗಳೂರು ಯಲಹಂಕದ ಟಿಡಿಯು ವಿಶ್ವವಿದ್ಯಾಲಯದವರೂ ಇದರ ಹಿಂದೆ ದುಡಿದಿದ್ದಾರೆ. ಬಾವು ಶುರುವಾದಾಗಲೇ ಹಿಡಿದರೆ ಇದು ಪ್ರಯತ್ನಿಸತಕ್ಕದ್ದು ಎಂದು ನನಗನ್ನಿಸುತ್ತದೆ, ಹಾಲಿಗೆ ಔಷಧಿ ಇಳಿಯುವ ಪ್ರಶ್ನೆಯೂ ಇಲ್ಲಿ ಅಷ್ಟಾಗಿ ಏಳುವುದಿಲ್ಲ. ಹಸು ಜ್ವರ ಬಂದು ಮೇವು ಬಿಟ್ಟು ಮಲಗಿದ ಮೇಲೂ ಅರಿಶಿನವನ್ನೇ ನಂಬಿ ಕೂರುವುದು ಹಸುವಿಗೆ ಮಾಡುವ ಅನ್ಯಾಯ. ಆಗ ಡಾಕ್ಟರೇ ಬೇಕು, ಆ್ಯಂಟಿಬಯೋಟಿಕ್ಕೇ ಬೇಕು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಆ್ಯಂಟಿಬಯೋಟಿಕ್ ಮಿತಿ ಮೀರಿದ್ದು 77ರಲ್ಲಿ. ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿದ್ದು 368ರಲ್ಲಿ. ಶೇಂಗಾ ಬೆಳೆಯುವ ನಮ್ಮ ಜಿಲ್ಲೆ ಎರಡನೆಯ ಸಂಖ್ಯೆಯನ್ನು ಹೆಚ್ಚು ಹೊತ್ತು ನೋಡಬೇಕು. ಒದ್ದೆಯಾಗಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ ಆ ವಿಷ ಹಸುವಿನ ಮೂಲಕ ಹಾಲಿಗೆ ದಾಟುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಬೂಷ್ಟೂ ನೈಸರ್ಗಿಕವೇ.

ಆ್ಯಂಟಿಬಯೋಟಿಕ್ ಸಂಖ್ಯೆ ಚಿಕ್ಕದಾಗಿ ಕಾಣುವುದಕ್ಕೆ ಒಂದು ಕಾರಣವನ್ನು ಡೇರಿಯ ಕ್ಯಾನಿನಲ್ಲೇ ನೋಡಬಹುದು. ಒಂದು ಹಸುವಿನ ಹಾಲು ಊರಿನ ಎಲ್ಲ ಹಸುಗಳ ಹಾಲಿನಲ್ಲಿ ಕಲೆತು ತೆಳುವಾಗುತ್ತದೆ. ಒಂದೇ ಹಸು ಕಟ್ಟಿದ ಮನೆಯಲ್ಲಿ ಹಾಗೆ ಕಲೆಯಲು ಬೇರೆ ಹಾಲಿಲ್ಲ, ಮೊಸರು ನೀರಾಗಿಯೇ ಉಳಿಯುತ್ತದೆ. ಪ್ಯಾಕೆಟ್ ಹಾಲು ಕೊಳ್ಳುವ ಪೇಟೆಯವರಿಗಿಂತ ಮೊದಲು ಸಂಗತಿ ಗೊತ್ತಾಗಬೇಕಾದದ್ದು ಆ ಮನೆಗೆ.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದೆಂದು ಅದರ ಡಬ್ಬಿಯ ಮೇಲೆ ಬರೆದಿರುತ್ತದೆ. ಹಲವು ಟ್ಯೂಬುಗಳಿಗೆ ಅದು ಮೂರು ನಾಲ್ಕು ದಿನ. ಡಬ್ಬಿ ಡಾಕ್ಟರ ಚೀಲದಲ್ಲಿ ಬಂದು ಚೀಲದಲ್ಲೇ ಹೋಗುತ್ತದೆ, ಅಕ್ಷರ ಇಂಗ್ಲಿಷು. ಬಾಯಲ್ಲಿ ಹೇಳಿದರೂ ದಿನಕ್ಕೆ ಎಂಟು ಲೀಟರ್ ಕರೆಯುವ ಹಸು, ನಾಲ್ಕು ದಿನ, ಲೀಟರಿಗೆ 35 ರೂಪಾಯಿ ಹಿಡಿದರೂ 1,120 ರೂಪಾಯಿ ಚೆಲ್ಲಬೇಕು. ಡಾಕ್ಟರ ಖರ್ಚು ಬೇರೆ. ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಅಷ್ಟಿಷ್ಟು ಔಷಧಿಯಲ್ಲಿ ದಿನಗಟ್ಟಲೆ ನೆನೆದ ಕರುವಿನ ಕರುಳಿನಲ್ಲಿ, ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿದು ಹೆಚ್ಚುತ್ತವೆ. ನಾಳೆ ಅದೇ ಹಸುವಾದಾಗ, ಅದನ್ನು ಕಟ್ಟಿದ ಮನೆಯವರಿಗೆ ಕಾಯಿಲೆ ಬಂದಾಗ, ಔಷಧಿ ಹಿಡಿಯದೆ ಹೋಗಬಹುದು.

ಸರ್ಕಾರ ಡೇರಿಗೆ ಹಾಕಿದ ಪ್ರತಿ ಲೀಟರ್ ಹಾಲಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಹಾಗೆಯೇ ಡಾಕ್ಟರ ಚೀಟಿ ತೋರಿಸಿ ನಾಲ್ಕು ದಿನ ಹಾಲು ಹಾಕದೆ ನಿಂತ ರೈತನಿಗೆ ಆ ನಾಲ್ಕು ದಿನದ ಹಾಲಿನ ಅರ್ಧ ಬೆಲೆಯನ್ನಾದರೂ ಒಕ್ಕೂಟ ಕಟ್ಟಿಕೊಡಬೇಕು. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಫ್ಯಾಟು, ಎಸ್‌ಎನ್‌ಎಫ್ ಜೊತೆಗೆ ‘ಔಷಧಿ ಕೊಟ್ಟ ತಾರೀಕು’ ಎಂದು ಇನ್ನೊಂದು ಗೆರೆ ಎಳೆದರೆ ಈ ಕೆಲಸ ಶುರು ಮಾಡಬಹುದು.